ನರ್ಸಕ್ಕ ಓವನ್ನಿಗೆ ಜ್ವರ ನೋಡಿದ್ದು

ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದ ನರ್ಸಕ್ಕನ ಕೇಕಿನ ಕಥೆಯನ್ನು ಏನೆಂದು ಹೇಳುವುದು? ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು. ಬೀದಿಯವರು ಒಳ್ಳೆಯವರು, ಎದುರಿಗೆ ನಗುನಗುತ್ತ ತಿಂದರು, ಮರೆಗೆ ಹೋಗಿ ಉಗಿದರು. ಮೂಲೆಯ ಬೇಕರಿಯವನು ಮಾತ್ರ ಮುಚ್ಚುಮರೆ ಮಾಡಲಿಲ್ಲ.

"ಇನ್ನೊಂದೇ ಸಲ ನೋಡ್ತೀನಿ ಅಕ್ಕಾ. ಶನಿವಾರ ತನ್ನಿ. ಸರಿ ಬಂದಿದ್ರೆ ವಾರಕ್ಕೆ ನಾಲ್ಕು ತಗೋತೀನಿ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ."

ಅವಳಿಗೆ ಅದು ದುಡ್ಡಿನ ಮಾತಾಗಿರಲಿಲ್ಲ. ಕೆಲಸ ಬಿಟ್ಟ ಮೇಲೆ ತನ್ನ ಕೈಯಿಂದ ಯಾರಿಗೂ ಏನೂ ಆಗಬೇಕಿಲ್ಲ ಎಂಬ ಸಂಕಟ ಒಳಗೊಳಗೇ ಕೊರೆಯುತ್ತಿತ್ತು. ಕೇಕೂ ಕೈಕೊಟ್ಟರೆ ಮುಗಿದೇ ಹೋಯಿತು. ಹಿಟ್ಟು ಬದಲಿಸಿದಳು, ಮೊಟ್ಟೆ ಹೆಚ್ಚಿಸಿದಳು, ಹೊತ್ತು ಕಡಿಮೆ ಮಾಡಿದಳು. ಓವನ್ನಿನ ಗುಂಡಿಯನ್ನು ಮಾತ್ರ ನೂರೆಂಬತ್ತು ಡಿಗ್ರಿಯಿಂದ ಕದಲಿಸಲಿಲ್ಲ. ಪುಸ್ತಕದಲ್ಲಿ ಹಾಗೇ ಬರೆದಿತ್ತಲ್ಲ.

ಶುಕ್ರವಾರ ಬೆಳಿಗ್ಗೆ ಮೊಮ್ಮಗಳ ಮೈ ಬೆಚ್ಚಗಿತ್ತು. ಮಗಳು ಹಣೆ ಮುಟ್ಟಿ, "ಅಂಥ ಜ್ವರ ಏನಿಲ್ಲಮ್ಮ," ಎಂದಳು.

ನರ್ಸಕ್ಕನಿಗೆ ಎಲ್ಲಿತ್ತೋ ಸಿಟ್ಟು. "ಅಂದಾಜಿನ ಮೇಲೆ ಜ್ವರ ಹೇಳ್ತಾರೇನೇ? ಥರ್ಮಾಮೀಟರ್ ಇಡದೆ ಒಂದು ಅಂಕಿ ಬರೆದೋಳಲ್ಲ ನಾನು."

ಮಗಳೂ ಆ ತಾಯಿಯ ಮಗಳೇ. "ಹೌದಾ? ಮತ್ತೆ ನಿನ್ನ ಓವನ್ನಿಗೆ ಯಾವತ್ತು ಇಟ್ಟಿದ್ದೆ?"

ನರ್ಸಕ್ಕ ತಿರುಗಿ ಅಡುಗೆಮನೆಯ ಕಡೆ ನೋಡಿದಳು.

ಮಗುವಿನದು ಸಣ್ಣ ಜ್ವರ, ಮಧ್ಯಾಹ್ನದೊಳಗೆ ಇಳಿಯಿತು. ಸಂಜೆ ನರ್ಸಕ್ಕ ಪಾತ್ರೆ ಅಂಗಡಿಯಿಂದ ಓವನ್ನಿನೊಳಗೆ ಇಡುವ ಥರ್ಮಾಮೀಟರು ತಂದಳು. ಗುಂಡಿಯನ್ನು ನೂರೆಂಬತ್ತಕ್ಕೆ ತಿರುಗಿಸಿ, ಅರ್ಧ ಗಂಟೆ ಕಾದು, ಗಾಜಿನ ಬಾಗಿಲ ಮುಂದೆ ಕನ್ನಡಕ ಏರಿಸಿಕೊಂಡು ಕೂತಳು. ಒಳಗೆ ಇನ್ನೂರ ಹತ್ತು. ಆರಿಸಿ, ತಣಿಸಿ, ಮತ್ತೆ ನೋಡಿದಳು. ಆಗಲೂ ಇನ್ನೂರ ಹತ್ತೇ.

"ಅಯ್ಯೋ ಪಾಪಿ, ಇಷ್ಟು ಜ್ವರ ಇಟ್ಕೊಂಡು ಸುಮ್ನೆ ಕೂತಿದ್ಯಾ," ಎಂದು ಓವನ್ನನ್ನು ಗದರಿದಳು. ತನ್ನ ಕೈಯದೇನೂ ತಪ್ಪಿರಲಿಲ್ಲ ಎಂದು ಕಣ್ಣು ತುಂಬಿ ಬಂತು. ಗುಂಡಿಯನ್ನು ನೂರೈವತ್ತಕ್ಕೆ ಇಳಿಸಿದ ಮೇಲೆ ಮುಳ್ಳು ನಿಧಾನವಾಗಿ ನೂರೆಂಬತ್ತಕ್ಕೆ ಬಂದು ನಿಂತಿತು.

ಶನಿವಾರ ಬೇಕರಿಯವನು ಕೇಕಿನ ನಟ್ಟನಡುವೆ ಚಾಕು ಇಳಿಸಿದ. ಅಲಗಿಗೆ ಚೂರೂ ಹಿಟ್ಟು ಅಂಟಿರಲಿಲ್ಲ. ಒಂದು ತುಂಡು ತಿಂದ, ಇನ್ನೊಂದನ್ನೂ ತಿಂದ.

"ಸೋಮವಾರದಿಂದ ಶುರು ಮಾಡಿ ಅಕ್ಕಾ. ಅದೇನು ಮಾಡಿದ್ರಿ?"

"ಇಷ್ಟು ದಿನ ರೋಗಿ ನಾನೇ ಅಂದ್ಕೊಂಡಿದ್ದೆ ಕಣಪ್ಪ," ಎಂದಳು ನರ್ಸಕ್ಕ. ಖಾಲಿ ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಡ್ಯೂಟಿಗೆ ಹೊರಟವಳ ಹಾಗೆ ಬಿರಬಿರನೆ ಮನೆಗೆ ನಡೆದಳು.