ಅಳೆಯದೆ ಬಿಟ್ಟ ಮೂಲೆ

೧೯೯೮ರಲ್ಲಿ ನಾನು ಆಮರ್ಸ್‌ಫೋರ್ಟ್ ಊರಿನ ಅಂಚಿನಲ್ಲಿದ್ದ ಒಂದು ವರ್ಕ್‌ಶಾಪ್‌ನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಅಲ್ಲಿಗೆ ಬರುತ್ತಿದ್ದುದು ಕ್ಯಾಂಪರ್‌ಗಳು ಮಾತ್ರ. ಮೋಟಾರ್‌ಹೋಮ್‌ಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಕ್ಯಾಂಪರ್ ಅನ್ನುತ್ತಾರೆ: ಮುಂದೆ ವ್ಯಾನು, ಹಿಂದೆ ಒಲೆ, ಹಾಸಿಗೆ, ಒಬ್ಬರು ನಿಲ್ಲುವಷ್ಟು ಬಚ್ಚಲು. ಹಳೆಯ ಗಾಡಿ ಕೊಳ್ಳಲು ಹೊರಟವರು ಕರೆದರೆ ನಾನು ಮಾರುವವರ ಮನೆಗೇ ಹೋಗಿ, ಗಾಡಿಯನ್ನು ಪರೀಕ್ಷಿಸಿ, ವರದಿ ಬರೆದುಕೊಡುತ್ತಿದ್ದೆ. ಹುಬ್ಬಳ್ಳಿಯಲ್ಲಿ ಬಸ್ಸಿಗೆ ಬಾಡಿ ಕಟ್ಟುವುದನ್ನು ಕಲಿತು ಬಂದವನಿಗೆ ಇದು ಕೈಗೆ ಒಗ್ಗಿದ ಕೆಲಸವಾಗಿತ್ತು.

ಈಗ ಹೇಳಹೊರಟಿರುವ ಪ್ರಸಂಗವನ್ನು ಯುಗಾದಿ ಊಟಗಳಲ್ಲಿ, ರೈಲಿನಲ್ಲಿ ಸಿಕ್ಕ ಕನ್ನಡಿಗರ ಎದುರು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಜನ ನಕ್ಕಿದ್ದಾರೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಏರಿಸಬೇಕು ಎಂಬುದು ಬಾಯಿಗೆ ರೂಢಿಯಾಗಿಬಿಟ್ಟಿತ್ತು. ನಿವೃತ್ತನಾಗಿ ಕಪಾಟು ಖಾಲಿ ಮಾಡುವಾಗ ಆ ಪ್ರಸಂಗದ ಗಾಡಿಗೆ ನಾನು ಬರೆದಿದ್ದ ವರದಿಯ ಕಾರ್ಬನ್ ಪ್ರತಿ ಸಿಕ್ಕಿತು. ನನ್ನ ಕಥೆಯಲ್ಲಿ ಗಾಡಿ ಪರೀಕ್ಷಿಸಿದ ದಿನ ಮಳೆ ಸುರಿಯುತ್ತದೆ. ಕಾಗದದಲ್ಲಿ ನನ್ನದೇ ಕೈಬರಹದಲ್ಲಿ ‘ಒಣ ಹವೆ, ಬಿಸಿಲು’ ಎಂದಿದೆ. ಮಳೆ ಯಾವಾಗ ಸೇರಿಕೊಂಡಿತೋ ಗೊತ್ತಿಲ್ಲ. ಇನ್ನೇನೇನು ಸೇರಿದೆ, ಏನು ಬಿಟ್ಟುಹೋಗಿದೆ ಎಂಬ ಅನುಮಾನ ಅಲ್ಲಿಂದ ಶುರುವಾಯಿತು. ಹಾಗಾಗಿ ಈ ಸಲ ಆ ಕಾಗದವನ್ನು ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ರಾಟರ್‌ಡ್ಯಾಮ್‌ನಿಂದ ಒಂದು ಫೋನ್ ಬಂತು. “ಸಾರ್, ನೀವು ಕನ್ನಡದವರಂತೆ? ನಿಜವಾ?” ಮಾತಾಡಿದವನು ರಘುನಾಥ, ಮೈಸೂರಿನವನು. ಇಸವಿ ಎರಡು ಸಾವಿರ ಬಂದಾಗ ಕಂಪ್ಯೂಟರುಗಳು ದಿನಾಂಕ ತಪ್ಪದಂತೆ ಸರಿಪಡಿಸಲು ಬಂದರಿನ ಒಂದು ಕಚೇರಿಗೆ ಬಂದಿದ್ದ. ಬಂದು ಒಂದು ವರ್ಷವಾಗಿತ್ತು, ಡಚ್ ಬರುತ್ತಿರಲಿಲ್ಲ, ಮದುವೆಯಾಗಿರಲಿಲ್ಲ. ಅವನ ದೊಡ್ಡಮ್ಮ ಪದ್ಮಾವತಮ್ಮ ಮೂರು ತಿಂಗಳ ವೀಸಾದ ಮೇಲೆ ಬಂದಿದ್ದರು. ಆಕೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ವರ್ಷಕ್ಕೊಂದು ಸಲ ಹಿಮನದಿ ಬರೆದಿದ್ದರು. ಕಣ್ಣಾರೆ ಒಂದನ್ನೂ ಕಂಡಿರಲಿಲ್ಲ. ಆಸ್ಟ್ರಿಯಾಕ್ಕೆ ಹೋಗಿ ಒಂದನ್ನು ಕೈಯಿಂದ ಮುಟ್ಟಬೇಕು ಅನ್ನುವುದು ಅವರ ಆಸೆ. ಆದರೆ ಹೊರಗಿನ ಅಡುಗೆ ಮುಟ್ಟುವವರಲ್ಲ. ಬಂದ ವಾರವೇ ಎರಡು ದಿನದ ಪ್ರವಾಸಕ್ಕೆ ಹೋಗಿ, ಬರೀ ಬಾಳೆಹಣ್ಣು ಮೊಸರಿನಲ್ಲಿ ಕಳೆದು, ತಲೆ ಸುತ್ತಿ ವಾಪಸ್ಸಾಗಿದ್ದರು.

“ಅದಕ್ಕೇ ಕ್ಯಾಂಪರ್ ಸಾರ್,” ಅಂದ ರಘು. “ದೊಡ್ಡಮ್ಮನ ಕುಕ್ಕರ್ ಸಮೇತ ಹೊರಟುಬಿಡ್ತೀವಿ. ಜುಲೈನಲ್ಲಿ ಹತ್ತು ದಿನ ರಜೆ ಸಿಕ್ಕಿದೆ. ಹಾರ್ಲೆಮ್ ಹತ್ರ ಒಂದಿದೆ, ಎಂಬತ್ಮೂರರ ಮಾಡೆಲ್. ಎಪಿಕೆ ಆಗಿದೆಯಂತೆ, ಇನ್ನೇನು ಚಿಂತೆ?”

ಮೊದಲ ಸಲ ಕೊಳ್ಳುವವರೆಲ್ಲ ಆಡುವ ಮಾತು ಅದು. ಎಪಿಕೆ ಅಂದರೆ ಇಲ್ಲಿನ ಕಡ್ಡಾಯ ವಾಹನ ತಪಾಸಣೆ. ಬ್ರೇಕು, ದೀಪ, ಟೈರು, ಹೊಗೆ ಎಲ್ಲ ನೋಡುತ್ತಾರೆ. ಚಾಸಿಯ ಮೇಲೆ ಕೂತಿರುವ ಮನೆಯನ್ನು ಯಾರೂ ನೋಡುವುದಿಲ್ಲ. ಹಳೆಯ ಕ್ಯಾಂಪರ್ ಸಾಯುವುದು ಹೆಚ್ಚಾಗಿ ಎಂಜಿನ್‌ನಿಂದಲ್ಲ, ನೀರಿನಿಂದ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್, ನಡುವೆ ಮರದ ಚೌಕಟ್ಟು. ಜೋಡಣೆಯಲ್ಲಿ ಸೂಜಿ ಹೋಗುವಷ್ಟು ಸಂದಿಯಾದರೂ ಸಾಕು, ಹೊರಗೆ ಏನೂ ಕಾಣಿಸದೆ ಮರ ಕೊಳೆಯುತ್ತ ಹೋಗುತ್ತದೆ. ಅದನ್ನು ಹಿಡಿಯಲು ನಮ್ಮ ಬಳಿ ಒಂದು ತೇವದ ಮೀಟರ್ ಇರುತ್ತಿತ್ತು. ಅದರ ಎರಡು ಮುಳ್ಳುಗಳನ್ನು ಗೋಡೆಗೆ ಒತ್ತಿದರೆ ಅಂಕಿ ತೋರಿಸುತ್ತದೆ. ಹದಿನೈದರ ಒಳಗಿದ್ದರೆ ಒಣಗಿದೆ, ಇಪ್ಪತ್ತು ದಾಟಿದರೆ ಅನುಮಾನ, ಮೂವತ್ತಾದರೆ ಆ ಭಾಗವನ್ನು ಬಿಚ್ಚಬೇಕು.

ತಿಂಗಳ ಕೊನೆಯ ಶನಿವಾರ ಮೂವರೂ ಹಾರ್ಲೆಮ್‌ಗೆ ಹೋದೆವು. ಮಾರುವವರು ವಯಸ್ಸಾದ ಒಬ್ಬ ಡಚ್ಚರು, ನೇರ ಮನುಷ್ಯ. ಕಾಫಿ, ತಲೆಗೊಂದು ಬಿಸ್ಕತ್ತು ಕೊಟ್ಟರು. ಚಾಲಕನ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡಿದ್ದ ಹಾಸಿಗೆಯ ಗೂಡಿನತ್ತ ಕೈ ತೋರಿಸಿ ತಾವಾಗಿಯೇ ಹೇಳಿದರು: “ಬಲಮೂಲೆಯಲ್ಲಿ ಒಮ್ಮೆ ಸೋರಿತ್ತು. ಸೀಲ್ ಮಾಡಿಸಿದ್ದೇನೆ. ನೀವೇ ನೋಡಿ.”

ಎಂಜಿನ್, ಬೆಲ್ಟ್, ಗ್ಯಾಸ್ ಪೈಪು ಮುಗಿಸಿ ನಾನು ಮೀಟರ್ ಹಿಡಿದು ಒಳಗೆ ಬರುವ ಹೊತ್ತಿಗೆ ಪದ್ಮಾವತಮ್ಮ ಏಣಿ ಹತ್ತಿ ಆ ಗೂಡಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬೆನ್ನು ಬಲಮೂಲೆಗೆ ಆನಿಸಿತ್ತು.

“ಅಟ್ಟ ಕಣೋ ರಘು ಇದು! ಮಲ್ಕೊಂಡೇ ಹಿಮನದಿ ನೋಡ್ಬಹುದು.”

“ದೊಡ್ಡಮ್ಮ, ಇಳಿಯೋಕೆ ಬರತ್ತೆ ತಾನೇ? ಇಲ್ದಿದ್ರೆ ಕ್ರೇನ್ ತರಿಸ್ಬೇಕು. ಬಂದರಿನಲ್ಲಿ ಬೇಕಾದಷ್ಟಿವೆ.”

“ನಿನ್ನ ಮದುವೆ ಮಾಡ್ಸಿ ಆಮೇಲೆ ಇಳೀತೀನಿ, ಹೋಗೋ.”

ಚಾವಣಿ ಅವರ ತಲೆಗೆ ತಾಗುವಂತಿತ್ತು. ನಾನು, “ಬಾಯಾರ, ತಲಿ ನೋಡ್ಕೊಳ್ರಿ,” ಅಂದೆ. ಮೇಡಂಗೆ ನಮ್ಮ ಕಡೆ ಬಾಯಾರು ಅನ್ನುತ್ತೇವೆ. ಅವರು ಗಾಬರಿಯಿಂದ ಬಗ್ಗಿ, “ಬಾಯಾರಿದೆಯೇನಪ್ಪ? ರಘು, ಇವರಿಗೆ ನೀರು ಕೊಡೋ!” ಅಂದರು. ಗಾಡಿ ಅಲುಗಾಡುವಷ್ಟು ನಕ್ಕೆವು. ಆ ನಗು ಕಥೆಯಲ್ಲಿ ಬಂದು ಸೇರಿದ್ದಲ್ಲ ಎಂದು ನಂಬಿದ್ದೇನೆ. ಅವರು ಮೇಲಿನಿಂದಲೇ ಚಿತ್ರಾನ್ನದ ಡಬ್ಬಿ ಇಳಿಸಿದರು. ತಿಂದೆವು.

ಕೊನೆಗೆ ನಾನು ಡಚ್ ಭಾಷೆಯ ವರದಿಗೆ ಸಹಿ ಹಾಕಿ ಕೊಟ್ಟೆ. ರಘು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ನಂಗೆ ಇದು ಒಂದಕ್ಷರ ಅರ್ಥವಾಗಲ್ಲ ಸಾರ್. ಕನ್ನಡದಲ್ಲಿ ಒಂದೇ ಮಾತು ಹೇಳಿ. ಗಾಡಿ ಹೇಗಿದೆ?”

“ಅಡ್ಡಿ ಇಲ್ರಿ,” ಅಂದೆ.

ನನ್ನ ಕಥೆ ನಿಂತಿರುವುದು ಈ ಮಾತಿನ ಮೇಲೆ. ಹುಬ್ಬಳ್ಳಿಯಲ್ಲಿ ಹೇಗಿದ್ದೀರಿ, ಊಟ ಹೇಗಿತ್ತು, ಹುಡುಗ ಹೇಗೆ ಓದುತ್ತಾನೆ ಅಂದರೆ ಅಡ್ಡಿ ಇಲ್ಲ ಅನ್ನುತ್ತೇವೆ. ಅಷ್ಟಕ್ಕಷ್ಟೆ, ತೀರಾ ಕೆಟ್ಟದ್ದಲ್ಲ ಎಂದು ಅರ್ಥ. ಮೈಸೂರಿನ ರಘುವಿಗೆ ಅದು ‘ಯಾವ ಅಡ್ಡಿಯೂ ಇಲ್ಲ, ಮುಂದುವರಿಯಿರಿ’ ಎಂದು ಕೇಳಿಸಿತು. ಅಲ್ಲೇ ದೊಡ್ಡಮ್ಮನ ಕಡೆ ತಿರುಗಿ ಹೆಬ್ಬೆರಳು ಎತ್ತಿದ. ಸೋಮವಾರ ಗಾಡಿ ಅವನದಾಯಿತು.

ಜೂನ್ ಕೊನೆಯಲ್ಲಿ ಇಬ್ಬರೂ ಸಮುದ್ರದ ಕಡೆ ಎರಡು ದಿನದ ಪ್ರಯೋಗ ಯಾತ್ರೆ ಹೋದರು. ಒಂದು ಸಂಜೆ ಜೋರು ಮಳೆ ಬಂತು. ಬೆಳಿಗ್ಗೆ ಪದ್ಮಾವತಮ್ಮನ ಸೆರಗು, ದಿಂಬು ಎಲ್ಲ ಒದ್ದೆ. ಗೂಡಿನ ಬಲಮೂಲೆಯ ಪ್ಲೈವುಡ್ ಒತ್ತಿದರೆ ಬೆರಳು ಒಳಗೆ ಹೋಯಿತು. ಮಾರನೆಯ ದಿನ ಗಾಡಿಯನ್ನು ನಮ್ಮ ವರ್ಕ್‌ಶಾಪ್‌ಗೆ ತಂದರು. ಮೀಟರ್ ಒತ್ತಿದೆ. ಮೂವತ್ನಾಲ್ಕು. ಪ್ಯಾನೆಲ್ ಬಿಚ್ಚಿದಾಗ ಚೌಕಟ್ಟಿನ ಮರ ನೆನೆದ ಅವಲಕ್ಕಿಯಂತೆ ಕೈಯಲ್ಲಿ ಬಂತು. ಹೆದ್ದಾರಿಯ ಗಾಳಿಗೆ ಆ ಮುಂಭಾಗ ಕಿತ್ತುಬರಬಹುದಿತ್ತು. ಈ ಗಾಡಿ ರಸ್ತೆಗೆ ಇಳಿಯಬಾರದು ಎಂದು ನಾನೇ ಬರೆದುಕೊಡಬೇಕಾಯಿತು. ಬೇಸಿಗೆಯಾದ್ದರಿಂದ ವರ್ಕ್‌ಶಾಪ್ ತುಂಬಿತ್ತು. ನಾನು ಭಾನುವಾರಗಳಲ್ಲೂ ಕೂತು ಮಾಡಿದರೂ ಆರು ವಾರದ ಕೆಲಸ. ಪದ್ಮಾವತಮ್ಮನ ವೀಸಾದಲ್ಲಿ ಉಳಿದಿದ್ದದ್ದು ಐದು ವಾರ. ರಘುವಿನ ರಜೆಯನ್ನು ಮುಂದೂಡುವಂತಿರಲಿಲ್ಲ. ಅಡುಗೆಮನೆ ಇರುವ ಬಾಡಿಗೆ ಮನೆಗಾಗಿ ಅವನು ಆಸ್ಟ್ರಿಯಾದ ಹತ್ತಾರು ಕಡೆ ಫೋನ್ ಮಾಡಿದ. ಜುಲೈ ತಿಂಗಳು, ಎಲ್ಲವೂ ಭರ್ತಿ. ರಜೆಯ ಹತ್ತು ದಿನವನ್ನು ಅವರು ರಾಟರ್‌ಡ್ಯಾಮ್‌ನ ಫ್ಲ್ಯಾಟಿನಲ್ಲೇ ಕಳೆದರು.

ಪ್ಯಾನೆಲ್ ಬಿಚ್ಚಿದ ದಿನ ರಘು ಕೇಳಿದ್ದ: “ಇದು ಅವತ್ತೇ ಗೊತ್ತಾಗ್ತಿರಲಿಲ್ವಾ ಸಾರ್?”

ನಾನು ಅಡ್ಡಿ ಇಲ್ಲ ಎಂಬ ಮಾತಿನ ಅರ್ಥವನ್ನು ವಿವರಿಸತೊಡಗಿದೆ. ನಮ್ಮ ಕಡೆ ಹ್ಯಾಂಗಂದ್ರ, ನಿಮ್ಮ ಕಡೆ ಹೇಗಂದರೆ ಎಂದು. ಅವನು ಬಿಕ್ಕಟ್ಟಿನಲ್ಲೂ ನಕ್ಕು, “ಛೆ, ಒಂದು ಡಿಕ್ಷನರಿ ಇಟ್ಕೊಬೇಕಿತ್ತು,” ಅಂದ. ಇಷ್ಟೂ ವರ್ಷ ನನ್ನ ಕಥೆ ಮುಗಿಯುತ್ತಿದ್ದದ್ದು ಅಲ್ಲಿಗೆ. ಎರಡು ಕನ್ನಡಗಳ ನಡುವೆ ಒಂದು ಗಾಡಿ ಸಿಕ್ಕಿಬಿತ್ತು, ತಪ್ಪು ಯಾರದೂ ಅಲ್ಲ. ಎಲ್ಲರೂ ನಗುತ್ತಿದ್ದರು.

ಕಾರ್ಬನ್ ಪ್ರತಿಯಲ್ಲಿ ಮೇಲಿನಿಂದ ನೋಡಿದಂತೆ ಗಾಡಿಯ ಒಂದು ನಕ್ಷೆ ಇದೆ. ತೇವ ಅಳೆಯಬೇಕಾದ ಹದಿನಾರು ಚುಕ್ಕೆಗಳಿವೆ. ಅವುಗಳಲ್ಲಿ ಹದಿನೈದು ಚುಕ್ಕೆಗಳ ಪಕ್ಕ ಅಂಕಿ ಇದೆ: ಹನ್ನೆರಡು, ಹದಿಮೂರು, ಒಂದು ಕಡೆ ಹದಿನೇಳು. ಗೂಡಿನ ಬಲಮೂಲೆಯ ಚುಕ್ಕೆಯ ಪಕ್ಕ ಒಂದು ಅಡ್ಡಗೆರೆ. ಅದರ ಕೆಳಗೆ, ‘ಹಿಂದೆ ಸೋರಿತ್ತು, ಸೀಲ್ ಮಾಡಿದೆ ಎಂದು ಮಾಲೀಕರ ಹೇಳಿಕೆ.’ ಸೋರಿದ್ದು ಗೊತ್ತಿದ್ದ ಒಂದೇ ಮೂಲೆಯನ್ನು ನಾನು ಅಳೆದಿರಲಿಲ್ಲ. ಅಷ್ಟು ಖುಷಿಯಾಗಿ ಕೂತ ಹಿರಿಯರನ್ನು ಏಳಿ ಅನ್ನಲು ಬಾಯಿ ಬರಲಿಲ್ಲ. ಅವರು ಇಳಿದ ಮೇಲೆ ಅಳೆದರಾಯಿತು ಅಂದುಕೊಂಡೆನೆಂದು ಬರೆಯುವ ಆಸೆಯಾಗುತ್ತಿದೆ. ಅಂದುಕೊಂಡಿದ್ದೆನೇ? ತಿಂದು ಕೈ ತೊಳೆದು ಮೀಟರನ್ನು ಅದರ ಚೀಲಕ್ಕೆ ಹಾಕಿದ್ದು ನೆನಪಿದೆ. ಅವರು ಏಣಿ ಇಳಿದದ್ದೂ ನೆನಪಿದೆ. ಯಾವುದು ಮೊದಲು ಎಂಬುದು ಮಾತ್ರ ನೆನಪಿಲ್ಲ, ಅಥವಾ ನೆನಪಿರುವುದು ನನಗೆ ಬೇಡವಾಗಿದೆ.

ಗಾಡಿ ರಿಪೇರಿಯಾಯಿತು. ರಘು ಒಂದು ವರ್ಷ ಇಟ್ಟುಕೊಂಡು ಮಾರಿದ. ಅವನು ಮತ್ತೆ ಕರೆದರೂ ಪದ್ಮಾವತಮ್ಮ ಬರಲಿಲ್ಲ. ಮಂಡಿ ನೋವು, ಅಷ್ಟು ದೂರ ಆಗದು ಅಂದರಂತೆ. ಆಮೇಲಿನ ವರ್ಷಗಳಲ್ಲಿ ನಾನು ಮೀಟರ್ ತೆಗೆಯುವ ಮೊದಲು ಗಾಡಿಯಲ್ಲಿದ್ದವರನ್ನೆಲ್ಲ ಕೆಳಗಿಳಿಸುತ್ತಿದ್ದೆ. ಮಕ್ಕಳಿರಲಿ, ಮುದುಕರಿರಲಿ, ಮಾಲೀಕರೇ ಇರಲಿ. ಒರಟು ಮನುಷ್ಯ ಎಂದು ಹೆಸರು ಬಂತು. ಯಾರಾದರೂ ಒಂದೇ ಮಾತಲ್ಲಿ ಹೇಳಿ ಅಂದರೆ ಹದಿನಾರೂ ಅಂಕಿಗಳನ್ನು ಓದಿ ಹೇಳುತ್ತಿದ್ದೆ. ಕೆಲಸ ನನಗೆ ಕಲಿಸಿದ್ದು ಇಷ್ಟೆ, ಮತ್ತು ಅದನ್ನು ಕಲಿತದ್ದು ಬೇರೆಯವರ ಖರ್ಚಿನಲ್ಲಿ.

ಕಥೆಯಲ್ಲಿ ಎಂದೂ ಹೇಳದೆ ಬಿಟ್ಟದ್ದು ಇನ್ನೊಂದಿದೆ. ಪ್ಯಾನೆಲ್ ಬಿಚ್ಚಿದ ದಿನ ಪದ್ಮಾವತಮ್ಮನೂ ಬಂದಿದ್ದರು. ಕಪ್ಪಾದ ಮರದ ಒಂದು ಚೂರನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ತರಗತಿಯಲ್ಲಿ ಹೇಳುವಂತೆ ರಘುವಿಗೆ ಹೇಳಿದರು: “ನೋಡು, ಬಿರುಕಿನೊಳಗೆ ನೀರು ಹೋಗತ್ತೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬಿರುಕನ್ನ ಅಗಲ ಮಾಡತ್ತೆ. ಮತ್ತೆ ನೀರು, ಮತ್ತೆ ಹಿಮ. ಬೆಟ್ಟ ಸವೆಯೋದೂ ಹೀಗೇ. ಮೂವತ್ತು ವರ್ಷ ಇದನ್ನೇ ಪಾಠ ಮಾಡಿದ್ದು ನಾನು.” ಆಮೇಲೆ ಆ ಮೂಲೆಯನ್ನು ದಿಟ್ಟಿಸಿ ನೋಡಿದರು.

“ಅವತ್ತು ನಾನು ಒರಗಿ ಕೂತಿದ್ದ ಜಾಗ ಅಲ್ವೇನಪ್ಪ ಇದು?”

ನಾನು ಹೌದು ಅಂದೆ.

ಅವರು ಮರದ ಚೂರನ್ನು ಬೆಂಚಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ವಿದ್ಯಾರ್ಥಿಯನ್ನು ನೋಡುವಂತೆ ನನ್ನನ್ನು ನೋಡಿದರು.

“ಇಳೀರಿ ಅಂದಿದ್ರೆ ಇಳೀತಿದ್ದೆನಲ್ಲಪ್ಪ.”