ಒಂದು ಮನೆಯನ್ನೂ ಬಿಡಬಾರದು

ಹೊಸಪೇಟೆಯ ನಮ್ಮ ಬೋರ್ಡಿಂಗಿನಲ್ಲಿ ಓದಿದವರು ಈಗ ಎಲ್ಲಿ ಸಿಕ್ಕರೂ ಕಣ್ಣಲ್ಲಿ ನೀರು ತಂದುಕೊಂಡು ಮಾತಾಡುತ್ತಾರೆ. ಅಲ್ಲಿಯ ಶಿಸ್ತೇನು, ಸಂಸ್ಕಾರವೇನು, ಸೂರ್ಯ ಹುಟ್ಟುವ ಮೊದಲೇ ತಣ್ಣೀರಿನ ಸ್ನಾನವೇನು! ನಾನೂ ಅಲ್ಲೇ ಇದ್ದೆ. ತಣ್ಣೀರು ತಣ್ಣಗಿತ್ತು, ಅಷ್ಟೇ. ಹೈಸ್ಕೂಲು ಬಿಟ್ಟು ನನಗಿನ್ನೂ ಬಹಳ ವರ್ಷವಾಗಿಲ್ಲ; ನೆನಪಿಗೆ ಬೆಲ್ಲ ಸವರುವ ವಯಸ್ಸು ಬಂದಿಲ್ಲ. ಬರುವುದರೊಳಗೆ ಒಂದು ಸಂಗತಿಯನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಬೋರ್ಡಿಂಗು ಅಂದರೆ ರೈಲು ನಿಲ್ದಾಣದ ಕಡೆ ಇದ್ದ ಒಂದು ಹಳೇ ಹತ್ತಿ ಗೋದಾಮು. ಸುತ್ತಲಿನ ಊರುಗಳ ಶೈವ ಮನೆತನದ ಹುಡುಗರಿಗೆ ಅಲ್ಲಿ ಊಟ, ವಸತಿ ಪುಕ್ಕಟೆ. ಬೆಳಿಗ್ಗೆ ಎದ್ದು, ಮಿಂದು, ವಿಭೂತಿ ಬಳಿದುಕೊಂಡು, ಸಾಲಾಗಿ ಕೂತು ಪೂಜೆ ಮಾಡಬೇಕು, ಆಮೇಲೆ ರೊಟ್ಟಿ, ಆಮೇಲೆ ಜಿಲ್ಲಾ ಬೋರ್ಡಿನ ಹೈಸ್ಕೂಲು. ಪೂಜೆಯ ಹೊತ್ತಿನಲ್ಲಿ ದೇವರ ಬಗೆಗಿನ ನನ್ನ ಅನುಮಾನಗಳನ್ನೆಲ್ಲ ಪಕ್ಕದವನ ಕಿವಿಗೆ ಹಾಕುತ್ತಿದ್ದೆ. ಪಕ್ಕದವನು ಸಂಡೂರಿನವ. ತಾನು ಸಂಸ್ಥಾನದ ಪ್ರಜೆ, ನಮ್ಮ ಹಾಗೆ ಬ್ರಿಟಿಷ್ ಸರಕಾರದ ಕಲೆಕ್ಟರನ ಕೈಕೆಳಗಿನವನಲ್ಲ ಎಂಬ ಜಂಬ ಬಿಟ್ಟರೆ ಬೇರೆ ದುರ್ಗುಣವಿಲ್ಲದ ಪ್ರಾಣಿ.

"ದೇವ್ರು ಇಲ್ಲ ಅಂದ್ರ ಇಲ್ಲ ಬಿಡಲೇ," ಅನ್ನುತ್ತಿದ್ದ ಕಣ್ಣು ಮುಚ್ಚಿಕೊಂಡೇ. "ರೊಟ್ಟಿ ಐತಿಲ್ಲೋ?"

ಇಂಥವನ ಜೊತೆ ವಾದ ಮಾಡುವುದು ಹೇಗೆ? ಅದಕ್ಕೇ ನಾನು ರಜೆಯ ದಿನ ಹಂಪಿಯ ತನಕ ನಡೆದು ಹೋಗಿ, ಹಳೇ ಬಜಾರದ ಒಂದು ಮಂಟಪ ಹತ್ತಿ ನಿಂತು, ಎದುರಿನ ಮುರುಕು ವಿಗ್ರಹಗಳಿಗೆ ಭಾಷಣ ಮಾಡುತ್ತಿದ್ದೆ. ಶ್ರೋತೃಗಳಲ್ಲಿ ಅರ್ಧದಷ್ಟು ಜನಕ್ಕೆ ತಲೆ ಇರಲಿಲ್ಲ. ಉಳಿದವು ಕೋತಿಗಳು. ಆದರೂ ನಮ್ಮ ಹೈಸ್ಕೂಲಿನ ಸಭೆಗಿಂತ ಶಾಂತವಾಗಿ ಕೇಳುತ್ತಿದ್ದರು.

ಈ ಅಭ್ಯಾಸವೆಲ್ಲ ಸೋಮವಾರಕ್ಕಾಗಿ. ಸೋಮವಾರ ಸಂಜೆ ಭಜನೆ ಮುಗಿದ ಮೇಲೆ ಬೋರ್ಡಿಂಗಿನಲ್ಲಿ ಚರ್ಚೆ. ವಾರ್ಡನ್ನರು, ಅಂದರೆ ನಾವು ಅಯ್ಯನವರು ಅನ್ನುತ್ತಿದ್ದ ಮುದುಕರು, ವಿಷಯ ಕೊಟ್ಟು, ಇಂಥವರು ಈ ಕಡೆ, ಇಂಥವರು ಆ ಕಡೆ ಎಂದು ಹಂಚುತ್ತಿದ್ದರು. ಯಾವ ಕಡೆ ಬಂದರೂ ನನಗೆ ಒಂದೇ. ತಾನು ಆಡಿದ್ದನ್ನು ನಂಬುವುದು ವಾದಿಯ ಕೆಲಸವಲ್ಲ. ಎದುರಿನವನನ್ನು ಕೂರಿಸುವುದು ಅವನ ಕೆಲಸ. ಹೀಗೆ ನಾವು ಒಂದು ಸೋಮವಾರ ಯಂತ್ರಗಳಿಂದ ಮನುಷ್ಯಕುಲ ಹಾಳಾಗುತ್ತದೆಂದು ಕೈ ಎತ್ತಿ ನಿರ್ಣಯಿಸಿ, ಮರುದಿನ ಹೊಸ ಸಕ್ಕರೆ ಕಾರ್ಖಾನೆಯ ಚಿಮಣಿ ನೋಡಲು ಓಡಿದ್ದೆವು. ನಿರ್ಣಯಗಳಿಂದ ಯಾರಿಗೂ ತೊಂದರೆಯಾದದ್ದಿಲ್ಲ, ಆ ಸುಗ್ಗಿಯ ತನಕ.

ಈಗ ನಮ್ಮ ಅಪ್ಪನ ಬಗ್ಗೆ ಹೇಳಬೇಕು. ಕಂಪ್ಲಿಯಲ್ಲಿ ನಮ್ಮದು ದಾಯಾದಿಗಳ ಜೊತೆ ಪಾಲಿನ ಬೆಲ್ಲದ ಗಾಣ, ಕಾಲುವೆ ಕೆಳಗೆ ಒಂದಿಷ್ಟು ಗದ್ದೆ. ಉಂಡುಟ್ಟು ಕೈ ತೊಳೆಯುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಆದರೆ ನಮ್ಮ ಮನೆತನದಲ್ಲಿ ಯಾರೂ ಯಾರ ಮುಂದೂ ಕೈ ಚಾಚಿಲ್ಲ ಎಂಬ ಒಂದು ಆಸ್ತಿ ಅಪ್ಪನ ಬಳಿ ಇತ್ತು. ಅದನ್ನು ಕಟ್ಟೆಯ ಮೇಲೆ ಕೂತವರಿಗೆಲ್ಲ ಅಳೆದು ಅಳೆದು ಕೊಡುತ್ತಿದ್ದ. ಬೋರ್ಡಿಂಗು ಮಠದ ಹೊಲಗದ್ದೆಗಳ ಹುಟ್ಟುವಳಿಯಲ್ಲಿ ನಡೆಯುತ್ತದೆ ಎಂದು ಅವನು ತಿಳಿದಿದ್ದ. ಮಠದ ಊಟ ಪ್ರಸಾದ, ಅದರಲ್ಲಿ ಹೀನಾಯವಿಲ್ಲ. "ನನ್ನ ಮಗ ಬೋರ್ಡಿಂಗ್‌ನ್ಯಾಗ ಅದಾನ" ಎಂದು ಅವನು ಹೇಳುವುದನ್ನು ಕೇಳಿದವರು ನಾನು ವಿಲಾಯತಿಯಲ್ಲೇ ಓದುತ್ತಿದ್ದೇನೆಂದುಕೊಳ್ಳಬೇಕು.

ನಿಜ ಬೇರೆ ಇತ್ತು. ಬೋರ್ಡಿಂಗು ನಡೆಯುತ್ತಿದ್ದದ್ದು ಜೋಳಿಗೆಯಿಂದ. ಸುಗ್ಗಿ ಮುಗಿದ ಮೇಲೆ ಹುಡುಗರು ಕಾವಿ ಬಟ್ಟೆಯ ಜೋಳಿಗೆ ಹೊತ್ತು, ತಾಳ ಹಾಕುತ್ತ ಮನೆ ಬಾಗಿಲಿಗೆ ಹೋಗಬೇಕು. ಜೋಳಿಗೆ ಹೊತ್ತವನು ಯಾರೇ ಆಗಲಿ, ಮನೆಯವರು ಅವನ ಕಾಲಿಗೆ ನೀರು ಹಾಕಿ, ಮೊರದಲ್ಲಿ ಧಾನ್ಯ ತಂದು ಸುರಿಯಬೇಕು. ಬಾಗಿಲಿಗೆ ಬಂದ ಜೋಳಿಗೆಯನ್ನು ಬರಿದೇ ಕಳಿಸುವಂತಿಲ್ಲ. ಆದರೆ ಅಲ್ಲಿಯ ತನಕ ಅದು ಹೋಗುತ್ತಿದ್ದದ್ದು ಅಕ್ಕಿ ಗಿರಣಿಯವರ, ದೊಡ್ಡ ವ್ಯಾಪಾರಸ್ಥರ ಬಾಗಿಲಿಗೆ ಮಾತ್ರ. ನಮ್ಮ ಓಣಿಗೆ ಬಂದಿರಲಿಲ್ಲ. ಅಪ್ಪ ಕೇಳಲಿಲ್ಲ, ನಾನು ಹೇಳಲಿಲ್ಲ. ಗೊತ್ತಾದರೆ ಅದೇ ದಿನ ಶಾಲೆ ಬಿಡಿಸಿ ಗಾಣಕ್ಕೆ ನಿಲ್ಲಿಸುತ್ತಾನೆಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಎಸ್.ಎಸ್.ಎಲ್.ಸಿ. ಪರೀಕ್ಷೆ ಎದುರಿಗೇ ಇತ್ತು.

ಅಂಥ ಹೊತ್ತಿನಲ್ಲಿ ಅಯ್ಯನವರು ಕೊಟ್ಟ ವಿಷಯ: ಜೋಳಿಗೆ ದೊಡ್ಡವರ ಮನೆಗಷ್ಟೇ ಹೋಗಬೇಕೋ, ಎಲ್ಲರ ಮನೆಗೂ ಹೋಗಬೇಕೋ. ನನಗೆ ಬಂದದ್ದು ಎಲ್ಲರ ಮನೆ. ಜೋಳಿಗೆಯನ್ನೇ ಸುಟ್ಟುಹಾಕಬೇಕು ಅನ್ನುವುದು ನನ್ನ ಸ್ವಂತ ಅಭಿಪ್ರಾಯ, ಆದರೆ ಅದನ್ನು ಯಾರೂ ಕೇಳಿರಲಿಲ್ಲ. ಎದ್ದು ನಿಂತೆ.

"ಅಧ್ಯಕ್ಷರೇ, ಸಾಹುಕಾರರು ಕೊಟ್ಟ ನುಚ್ಚಕ್ಕಿಗೆ ನಾವು ವರ್ಷವಿಡೀ ಅವರನ್ನು ಹಾಡಿ ಹೊಗಳುತ್ತೇವೆ. ಒಂದು ಬೊಗಸೆ ಜೋಳ ಕೊಡಬಲ್ಲ ಮುದುಕಿಯ ಬಾಗಿಲನ್ನು ದಾಟಿ ಹೋಗುತ್ತೇವೆ. ಆಕೆಗೆ ಕೊಡುವ ಯೋಗ್ಯತೆ ಇಲ್ಲವೆಂದು ತೀರ್ಮಾನಿಸಲು ನಾವು ಯಾರು? ಒಂದು ಮನೆಯನ್ನೂ ಬಿಡಬಾರದು! ಅದು ನನ್ನ ಸ್ವಂತ ತಂದೆಯ ಮನೆಯಾಗಿದ್ದರೂ ಬಿಡಬಾರದು!"

ಕೊನೆಯ ಮಾತು ಸಿದ್ಧ ಮಾಡಿಕೊಂಡದ್ದಲ್ಲ, ಬಾಯಿಗೆ ಬಂತು. ಚಪ್ಪಾಳೆಯೋ ಚಪ್ಪಾಳೆ. ಎದುರು ಪಕ್ಷದ ಸಂಡೂರಿನವ ಎದ್ದು, "ನನಗೂ ಹಂಗ ಅನಸ್ತೈತ್ರಿ" ಅಂದು ಕೂತುಬಿಟ್ಟ. ಅಯ್ಯನವರು ಕನ್ನಡಕ ತೆಗೆದು ಧೋತ್ರದ ತುದಿಯಿಂದ ಒರೆಸಿಕೊಂಡರು.

"ಖರೇ ಐತೋ ಹುಡುಗಾ. ಇಷ್ಟು ವರ್ಷ ನನಗ ಹೊಳೀಲಿಲ್ಲ ನೋಡು. ಈ ಸುಗ್ಗಿಗೆ ಹಂಗ ಮಾಡೋಣು. ಕಂಪ್ಲಿಯಿಂದನ ಸುರು."

ವಾದದಲ್ಲಿ ಗೆದ್ದದ್ದನ್ನು ಜಾರಿಗೆ ತರುತ್ತಾರೆಂದು ಯಾವ ವಾದಿಗೆ ಗೊತ್ತಿರುತ್ತದೆ? ಬೆಳಗಾಗುವುದನ್ನೇ ಕಾದು ಅಯ್ಯನವರ ಮುಂದೆ ಹೋಗಿ ನಿಂತೆ.

"ಅಯ್ನೋರ, ನಿನ್ನಿ ವಾದದಾಗ ಒಂದು ದೋಷ ಐತ್ರಿ."

"ಏನಪಾ ಅದು?"

"ಬಡವರ ಮನೀಗೆ ಹೋದ್ರ ಅವರಿಗೆ ಇಲ್ಲ ಅನ್ನಾಕ ಬರಾಂಗಿಲ್ರಿ. ಇದು ಒಂದು ಥರಾ ಜುಲುಮಿ ಆಗತೈತ್ರಿ."

"ಭಾಳ ಚಲೋ ಹೇಳಿದಿ. ಇದನ್ನ ನಿನ್ನಿ ಯಾಕ ಹೇಳಲಿಲ್ಲ?"

"ನಿನ್ನಿ ನಾನು ಆ ಕಡಿ ಇದ್ದೆನ್ರಿ."

ಅವರು ನಗಲಿಲ್ಲ. ಗೂಟದ ಮೇಲಿದ್ದ ಜೋಳಿಗೆ ತೆಗೆದು ನನ್ನ ಹೆಗಲಿಗೇ ಹಾಕಿದರು. "ಮಾತಾಡಿದವ ನೀನು. ಮುಂದ ನಡಿಯಾವನೂ ನೀನೇ."

ಸಂಡೂರಿನವ ಉಪಾಯ ಹೇಳಿದ: "ಕಂಕುಳಾಗ ಉಳ್ಳಾಗಡ್ಡಿ ಇಟ್ಕೊಂಡು ಮಲಗು. ಜ್ವರ ಬರತೈತಿ." ಇಟ್ಟುಕೊಂಡು ಮಲಗಿದೆ. ಜ್ವರ ಬರಲಿಲ್ಲ, ವಾಸನೆ ಬಂತು. ಅದೇ ವಾಸನೆಯಲ್ಲಿ ಕಮಲಾಪುರ ದಾಟಿ, ಚಕ್ಕಡಿಯ ಹಿಂದೆ ಹಿಂದೆ, ಕಂಪ್ಲಿ ಸೇರಿದೆ.

ಅಯ್ಯನವರು ನನ್ನ ಮಾತನ್ನು ನನಗಿಂತ ನಿಷ್ಠೆಯಿಂದ ಪಾಲಿಸಿದರು. ಒಂದು ಮನೆಯನ್ನೂ ಬಿಡಲಿಲ್ಲ. ಬಾಗಿಲು ಹಾಕಿದ್ದರೆ ತೆರೆಯುವ ತನಕ ತಾಳ ಹಾಕಿಸಿದರು. ನಮ್ಮ ಓಣಿಯ ತಿರುವು ಬಂದಾಗ ನಾನು, "ಅಯ್ನೋರ, ಈ ಓಣ್ಯಾಗ ನಾಯಿ ಕಾಟ ಭಾಳ್ರಿ" ಅಂದೆ. ಅವರು ಒಂದು ಕೋಲು ಹುಡುಕಿಕೊಂಡರು.

ಅಪ್ಪ ಎಂದಿನಂತೆ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದ. ನಾನು ತಲೆ ತಗ್ಗಿಸಿ ಬಾಗಿಲಿಗೆ ನಿಂತೆ. ಒಳಗಿಂದ ಅವ್ವ ಚಂಬು ಹಿಡಿದು ಬಂದು, ಸೆರಗು ಮುಂದೆ ಎಳೆದುಕೊಂಡು, ಭಕ್ತಿಯಿಂದ ನನ್ನ ಕಾಲಿಗೆ ನೀರು ಹಾಕಿದಳು. ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದವಳು ಅರ್ಧಕ್ಕೇ ನಿಂತಳು.

"ಉಗುರು ತಕ್ಕೊಳ್ಳಾಕೂ ಪುರುಸೊತ್ತಿಲ್ಲೇನೋ ನಿನಗ?"

ಮುಖ ನೋಡಿಯೇ ಇರಲಿಲ್ಲ ಅವಳು. ಕಟ್ಟೆಯ ಮೇಲಿನವರೆಲ್ಲ ಇತ್ತ ತಿರುಗಿದರು. ಅಪ್ಪ ಎದ್ದು ಬಂದು ಜೋಳಿಗೆ ನೋಡಿದ, ನನ್ನನ್ನು ನೋಡಿದ, ತಾಳ ಹಿಡಿದ ಹುಡುಗರನ್ನು ನೋಡಿದ.

"ಏನಿದು?"

"ಜೋಳಿಗಿ, ಅಪ್ಪಾ."

"ಅದು ಕಾಣತೈತಿ. ನೀವು ಉಣ್ಣಾದು ಇದರಾಗಿಂದನ?"

"ಹೂಂ."

"ಮಠದ ಹೊಲ?"

"ಹೊಲ ಇಲ್ಲ."

ಕಟ್ಟೆಯಿಂದ ಯಾರೋ ಕೆಮ್ಮಿದರು. ಅಪ್ಪನ ಮುಖ ಗಾಣದ ಒಲೆಯಂತಾಯಿತು. "ಇಳಸು ಅದನ್ನ. ನಾಳಿಂದ ಸಾಲಿ ಬ್ಯಾಡ. ನಮ್ಮ ಮನಿತನದಾಗ..."

"ಕೇಳಪ್ಪಾ," ಅಂದೆ. ಚಟ ಬಿಡಲಿಲ್ಲ. "ಮೊದಲನೇ ಮಾತು, ಇದು ಭಿಕ್ಷೆ ಅಲ್ಲ. ಭಿಕ್ಷೆ ಬೇಡೋನು ತನಗ ಬೇಡತಾನ, ನಾವು ಎಲ್ಲರಿಗೆ ಬೇಡತೀವಿ. ಎರಡನೇದು, ಭಿಕ್ಷೆ ಅಂತನ ಇಟ್ಕೊಂಡ್ರೂ..."

"ಲೇ, ನನ್ನ ಮನಿ ಮುಂದ ನಿಂತು ನನಗ ಭಾಷಣ ಮಾಡತೀಯೇನಲೇ?"

"...ಇಟ್ಕೊಂಡ್ರೂ, ನೀನು ಇವತ್ತು ಭತ್ತ ಹಾಕಿದ್ರ ನಾನು ನಿನ್ನ ಅನ್ನ ಉಂಡಂಗಾತು. ಹಾಕದಿದ್ರ ಊರವರ ಅನ್ನ ಉಂಡಂಗಾತು. ಈಗ ನೀನೇ ಹೇಳು, ಯಾವುದರಾಗ ಮಾನ ಹೋಗತೈತಿ?"

ಒಳ್ಳೆಯ ವಾದ. ಈಗಲೂ ನನಗೆ ಅದರಲ್ಲಿ ಬಿರುಕು ಕಾಣುವುದಿಲ್ಲ. ಅಪ್ಪನ ಮೇಲೆ ಮಾತ್ರ ಅದರಿಂದ ಯಾವ ಪರಿಣಾಮವೂ ಆಗಲಿಲ್ಲ. ನನ್ನ ರಟ್ಟೆ ಹಿಡಿದು ಒಳಗೆ ಎಳೆದ. ಹಿಂದಿನಿಂದ ಸಂಡೂರಿನವ ಜೋಳಿಗೆಯ ಪಟ್ಟಿ ಹಿಡಿದು ಹೊರಗೆ ಎಳೆದ. ಉಳಿದವರು, ಏನು ಮಾಡಬೇಕೆಂದು ತಿಳಿಯದೆ, ತಾಳ ಜೋರು ಮಾಡಿದರು. ಈ ಗದ್ದಲದ ನಡುವೆ ಅವ್ವ ಒಂದು ಮೊರ ಭತ್ತ ತಂದು ಜೋಳಿಗೆಗೆ ಸುರಿದುಬಿಟ್ಟಿದ್ದಳು. ಯಾರನ್ನೂ ಕೇಳಲಿಲ್ಲ.

ಭತ್ತ ಬಿದ್ದ ಮೇಲೆ ಅಪ್ಪನ ಕೈ ಸಡಿಲವಾಯಿತು. ಧಾನ್ಯ ಹಾಕಿದ ಜೋಳಿಗೆಯನ್ನು ಬಾಗಿಲಲ್ಲಿ ತಡೆಯುವಂತಿಲ್ಲ. ಅಯ್ಯನವರು ಮುಂದೆ ಬಂದರು.

"ಯಜಮಾನ್ರ, ಸಿಟ್ಟು ಬ್ಯಾಡ್ರಿ. ನಮ್ಮ ಕೂಡ ಬಂದು ಒಂದು ಹೊತ್ತು ಊಟ ಮಾಡ್ರಿ. ಹೆಂಗ ಅದೀವಿ ನೋಡ್ರಿ. ಆಮ್ಯಾಲೂ ಬಿಡಸಬೇಕು ಅನಿಸಿದ್ರ ಬಿಡಸ್ರಿ, ನಾನೇ ಹುಡುಗನ ಟ್ರಂಕು ಹೊತ್ತು ತಂದು ಕೊಡತೀನಿ."

"ಬರತೀನಿ ನಡ್ರಿ," ಅಂದ ಅಪ್ಪ. "ನೋಡೇ ಬಿಡೋಣು."

ಬಾಕಿ ಓಣಿಗಳನ್ನು ಮುಗಿಸುವ ತನಕ ಅವನು ಚಕ್ಕಡಿಯ ಮೂಕಿಯ ಮೇಲೆ ನ್ಯಾಯಾಧೀಶನ ಹಾಗೆ ಕೂತಿದ್ದ. ಮರುದಿನ ಹೊಸಪೇಟೆಯ ದಾರಿಯುದ್ದಕ್ಕೂ ಎತ್ತುಗಳ ಜೊತೆ ಮಾತಾಡಿದ, ಅಯ್ಯನವರ ಜೊತೆ ಮಾತಾಡಿದ. ನನ್ನ ಜೊತೆ ಇಲ್ಲ. ನಾನು ಭತ್ತದ ಚೀಲಗಳ ಮೇಲೆ ಕೂತು ಮನಸ್ಸಿನಲ್ಲೇ ಟ್ರಂಕು ತುಂಬುತ್ತಿದ್ದೆ. ಪುಸ್ತಕಗಳನ್ನು ಯಾರಿಗೆ ಕೊಡುವುದು ಎಂಬಲ್ಲಿಗೆ ಬಂದಾಗ ಟ್ರಂಕನ್ನು ಬರಿದು ಮಾಡಿ ಮತ್ತೆ ಮೊದಲಿಂದ ತುಂಬತೊಡಗಿದೆ.

ಬೋರ್ಡಿಂಗಿಗೆ ಬಂದು, ಕೈಕಾಲು ತೊಳೆದು, ಅಪ್ಪ ಹುಡುಗರ ಪಂಕ್ತಿಯಲ್ಲೇ ಕೂತ, ನನ್ನ ಎದುರಿನ ಸಾಲಿನಲ್ಲಿ. ತಟ್ಟೆಗೆ ಅನ್ನ ಬಂತು. ಸಾರು ಬಂತು. ಅಪ್ಪ ಒಂದು ತುತ್ತು ಕಲಸಿ ಬಾಯಿಗಿಟ್ಟು ನಿಲ್ಲಿಸಿದ. ತಟ್ಟೆಯಲ್ಲಿ ಬೆರಳಾಡಿಸಿ ಏನನ್ನೋ ಹುಡುಕಿದ.

"ಅಯ್ನೋರ, ಇದರಾಗ ಬ್ಯಾಳಿ ಎಲ್ಲೈತ್ರಿ?"

"ಐತ್ರಿ," ಅಂದರು ಅಯ್ಯನವರು. "ಕುದ್ದು ಕರಗೈತಿ."

"ದಿನಾ ಇದೇನು?"

"ಹಬ್ಬದ ದಿನ ದಪ್ಪ ಇರತೈತ್ರಿ."

ಸಾಲಿನ ಆ ತುದಿಯಿಂದ ಈ ತುದಿಯ ತನಕ ಯಾರೂ ಉಣ್ಣುತ್ತಿರಲಿಲ್ಲ. ಅಪ್ಪ ಹುಡುಗರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ಕೊನೆಗೆ ನನ್ನನ್ನು, ನಿನ್ನೆಯಿಂದ ಮೊದಲ ಸಲ, ಪೂರ್ತಿ ನೋಡಿದ. ಆಮೇಲೆ ಅಯ್ಯನವರ ಕಡೆ ತಿರುಗಿದ.

"ಇಂಥಾ ಸಾರು ಉಂಡು ಇವ ಅಷ್ಟು ಮಾತಾಡತಾನ. ಮನೀಗೆ ಕರ್ಕೊಂಡು ಹೋಗಿ ಹಾಲು ತುಪ್ಪ ಹಾಕಿದ್ರ ನಮ್ಮನ್ನ ಬದುಕಾಕ ಬಿಡತಾನೇನ್ರಿ? ಬ್ಯಾಡ. ಇಲ್ಲೇ ಇರ್ಲಿ. ಓದ್ಲಿ."

ಹುಡುಗರು ಗೊಳ್ಳೆಂದು ನಕ್ಕರು. ಅಯ್ಯನವರೂ ನಕ್ಕರು. ಅಪ್ಪ ನಗದೆ ತುತ್ತು ಕಲಸತೊಡಗಿದ, ತಟ್ಟೆಯ ಕಡೆಗೇ ಕಣ್ಣು ನೆಟ್ಟು.

ತೀರ್ಪು ನನ್ನ ಪರವಾಗಿತ್ತು, ಕಾರಣ ಮಾತ್ರ ತಪ್ಪಾಗಿತ್ತು. ಸಾರಿಗೂ ಮಾತಿಗೂ ಕಾರ್ಯಕಾರಣ ಸಂಬಂಧವೇ ಇಲ್ಲ; ಮೂರು ಆಕ್ಷೇಪಗಳು ಅಲ್ಲೇ ತೋಚಿದವು. ಬಾಯಿ ತೆರೆದೆ. ಸಂಡೂರಿನವ ನನ್ನ ತೊಡೆಯನ್ನು ಚಿವುಟಿ ಹಿಡಿದ.

"ಸುಮ್ಮನ ಉಣ್ಣಲೇ," ಅಂದ ಹಲ್ಲು ಕಚ್ಚಿಕೊಂಡು.

ಉಂಡೆ.