ಟ್ಯಾಂಕು, ನಾನು ಮತ್ತು ನಾಲ್ಕು ನಿಂಬೆಹಣ್ಣು

ಪೆಟ್ರೋಲ್ ಬಂಕಿನಲ್ಲಿ ಮನುಷ್ಯಕುಲ ಎರಡು ಪಂಗಡವಾಗುತ್ತದೆ: ಕರವಸ್ತ್ರದಿಂದ ಮೂಗು ಮುಚ್ಚಿಕೊಳ್ಳುವವರು, ಮತ್ತು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಗುಟ್ಟಾಗಿ ಒಂದು ದೀರ್ಘಶ್ವಾಸ ಎಳೆದುಕೊಳ್ಳುವವರು. ನಾನು ಎರಡನೆಯ ಪಂಗಡದ ಆಜೀವ ಸದಸ್ಯ. ಆದರೆ ಒಂದು ವರ್ಷ, ಆಯುಧಪೂಜೆಗೆ ಮುಂಚೆ, ಇದೇ ಪರಿಮಳ ನನ್ನ ನಿದ್ದೆ ಕೆಡಿಸಿಬಿಟ್ಟಿತ್ತು.

ಆಗ ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ನಟ್ಟುಗಳ ಅಳತೆ ನೋಡುತ್ತ, ರಾಜಗೋಪಾಲನಗರದ ವಠಾರದಲ್ಲಿ ಬಾಡಿಗೆಗಿದ್ದೆ. ರೂಪ, ಎತ್ತರ, ಸಂಬಳಗಳನ್ನು ಹಂಚುವಾಗ ನನ್ನ ಪಾಲಿಗೆ ತುಸು ಕೈ ಬಿಗಿ ಹಿಡಿದ ದೇವರು, ಉಳಿದದ್ದನ್ನೆಲ್ಲ ನನ್ನ ಗಂಟಲಿಗೆ ಸುರಿದಿದ್ದಾನೆ. ಮ್ಯಾನೇಜರರ ಕೆಮ್ಮು, ಲೇತಿನ ಕಿರುಚಾಟ, ಪಕ್ಕದ ಮನೆಯ ಕುಕ್ಕರಿನ ಸಿಳ್ಳು, ಯಾವುದನ್ನು ಕೇಳಿದರೂ ಯಥಾವತ್ ಒಪ್ಪಿಸುತ್ತೇನೆ. ನಿನ್ನ ಸ್ವಂತ ದನಿ ಯಾವುದಯ್ಯಾ ಎಂದರೆ ಮಾತ್ರ ತಡವರಿಸುತ್ತೇನೆ.

ಈ ವಿದ್ಯೆಯೇ ಮುಳುವಾಯಿತು. ವಠಾರದ ಓನರ್ ನಂಜಪ್ಪನವರ ಬಳಿ ಅವರ ತಂದೆ ಕೊಂಡಿದ್ದ ದುಂಡುಮೂತಿಯ ಹಳೆಯ ಕಾರೊಂದಿತ್ತು. ಆಯುಧಪೂಜೆಯ ದಿನ ಅದರ ಚಕ್ರಗಳಡಿ ನಿಂಬೆಹಣ್ಣಿಟ್ಟು, ಅವು ಅಪ್ಪಚ್ಚಿಯಾಗುವಂತೆ ಗಾಡಿ ಮುಂದೆ ಹೋಗಬೇಕು. ಆಗ ನಂಜಪ್ಪನವರ ತಾಯಿ ಮುನಿಯಮ್ಮಜ್ಜಿ ಹಿಂದಿನ ಸೀಟಿನಲ್ಲಿ ಕೂತಿರಬೇಕು. ಗಂಡನ ಕಾಲದಿಂದ ನಡೆದುಬಂದ ಕ್ರಮ. ಆದರೆ ಟ್ಯಾಂಕು ತುಕ್ಕು ತಿಂದು ಕಾರು ನಿಂತು ಎಷ್ಟೋ ಕಾಲವಾಗಿತ್ತು. "ಕಾರು ಸತ್ತೈತೆ ಅಂತ ಅವ್ವಂಗೆ ಏಳಕ್ಕಾಗಲ್ಲ ಕಣೋ," ಎಂದರು ನಂಜಪ್ಪ. ಅಜ್ಜಿಯ ಕಣ್ಣಿಗೆ ಪೊರೆ ಬಂದಿದ್ದುದು ಅನುಕೂಲವೇ ಆಯಿತು. ಬಾಡಿಗೆದಾರರು ಹಿಂದಿನಿಂದ ತಳ್ಳುವುದು, ಮುಂದಿನ ಸೀಟಿನಲ್ಲಿ ಕುಳಿತ ನಾನು ಬಾಯಲ್ಲೇ ಇಂಜಿನ್ ಹೊತ್ತಿಸಿ, ಗೇರು ಬದಲಿಸಿ, ಬ್ರೇಕು ಹಾಕುವುದು. ಹೀಗೆ ಕೆಲವು ಹಬ್ಬಗಳು ಸುಸೂತ್ರವಾಗಿ ಕಳೆದವು.

ಕಲಾವಿದನಿಗೆ ಅತಿಯಾದ ಯಶಸ್ಸು ಒಳ್ಳೆಯದಲ್ಲ. ಆ ವರ್ಷ ಅಜ್ಜಿ ಅಪ್ಪಣೆ ಕೊಡಿಸಿದರು: "ಇಷ್ಟ್ ಸಂದಾಗಿ ಓಡ್ತೈತಲ್ಲ, ಈ ಸಲ ಪೂಜೆ ಮುಗ್ಸಿ ಅಂಗೇ ಮಾದನಾಯ್ಕನಳ್ಳಿಗೆ ಬುಡ್ರೋ. ತೌರ್ಮನೆ ಬಾಗ್ಲು ತುಳ್ದು ಬತ್ತೀನಿ."

ತುಮಕೂರು ರಸ್ತೆಯ ಲಾರಿಗಳ ನಡುವೆ ಬಾಯಲ್ಲಿ ಕಾರು ಓಡಿಸುವಷ್ಟು ನನ್ನ ಪ್ರತಿಭೆ ಬೆಳೆದಿರಲಿಲ್ಲ. ನಿಜ ಹೇಳಿದರೆ ಆ ಮುದುಕಿ ಮಗನ ಮಾತನ್ನು ಇನ್ನೆಂದೂ ನಂಬುವುದಿಲ್ಲವೆಂಬ ಭಯಕ್ಕೆ ನಂಜಪ್ಪ ಬಿಳಿಚಿಕೊಂಡರು. ಮೆಕ್ಯಾನಿಕ್ ಬಂದು, ಬಾಟಲಿಯಲ್ಲಿ ಪೆಟ್ರೋಲು ತೂಗುಹಾಕಿ ಉಣಿಸಿದಾಗ ಇಂಜಿನ್ ಬಾಯಿಬಿಟ್ಟಿತು. ರೋಗವೆಲ್ಲ ಟ್ಯಾಂಕಿನದೇ. ಹೊಸದು ಯಾವ ಅಂಗಡಿಯಲ್ಲೂ ಸಿಗದು.

ಟ್ಯಾಂಕನ್ನು ಬಿಚ್ಚಿ, ಒಳಗೆ ಜಲ್ಲಿಯನ್ನೂ ಕಾರ್ಖಾನೆಯಲ್ಲಿ ಅಳತೆಗೆ ಸೋತ ನಟ್ಟುಗಳನ್ನೂ ತುಂಬಿ, ಗೋಣಿಚೀಲ ಸುತ್ತಿ, ಪಕ್ಕದ ಕಟ್ಟಡದ ಕಾಂಕ್ರೀಟ್ ಮಿಕ್ಸರಿನ ಡ್ರಮ್ಮಿಗೆ ಬಿಗಿದೆವು. ಮಿಕ್ಸರ್ ನಡೆಸುತ್ತಿದ್ದ ರಾಯಚೂರಿನ ಶರಣಪ್ಪ, "ಏನ್ರೀ ಸರ, ಕೂಸಿಗೆ ತೊಟ್ಲಾ ತೂಗಾಕತ್ತೀರೇನು?" ಎಂದು ನಕ್ಕ. ಕೂಸು ಮಧ್ಯಾಹ್ನವೆಲ್ಲ ಘಡಘಡಿಸಿ, ಕೆಂಪು ಮಣ್ಣಿನಂಥ ತುಕ್ಕನ್ನು ಕಕ್ಕಿತು. ಒಳಗೆ ಟಾರ್ಚು ಬಿಟ್ಟರೆ ತಳದಲ್ಲಿ ನಕ್ಷತ್ರಮಂಡಲ! ತುಕ್ಕೇ ಅಲ್ಲಿಯವರೆಗೆ ತೂತುಗಳನ್ನು ಮುಚ್ಚಿ ಕಾಪಾಡಿತ್ತು.

ಬೆಸುಗೆಗೆ ಒಯ್ದರೆ ವೆಲ್ಡಿಂಗ್ ಅಂಗಡಿಯ ಸಾದಿಕ್ ಭಾಯ್ ಮೂಗನ್ನು ಟ್ಯಾಂಕಿನ ಬಾಯಿಗಿಟ್ಟು ತಲೆಯಾಡಿಸಿಬಿಟ್ಟ. "ಪೆಟ್ರೋಲ್ ಖಾಲಿ ಆದ್ರೂ ಅದ್ರ ಗಾಳಿ ಒಳ್ಗೇ ಇರ್ತದೆ ಸಾಬ್. ಬೆಂಕಿ ತೋರ್ಸಿದ್ರೆ ನಾನೂ ಇಲ್ಲ, ನೀವೂ ಇಲ್ಲ." ಬಿಸಿನೀರು, ಸೋಪಿನ ಪುಡಿ, ಮತ್ತೆ ಬಿಸಿನೀರು. ತೊಳೆದಷ್ಟೂ ಆ ವಾಸನೆ, ಊಟಕ್ಕೆ ಬಂದ ನೆಂಟನಂತೆ, ಇನ್ನೇನು ಹೊರಟೆ ಎನ್ನುತ್ತಲೇ ಕೂತಿರುತ್ತಿತ್ತು. ಭಾಯ್ ಒಪ್ಪುವ ಹೊತ್ತಿಗೆ ಹಬ್ಬದ ಹಿಂದಿನ ದಿನ ಬಂದಿತ್ತು.

ಟ್ಯಾಂಕನ್ನು ಓರೆಯಾಗಿಟ್ಟು, ಆ ಗಾಳಿಗೆ ಜಾಗವಿಲ್ಲದಂತೆ ತೂತುಗಳ ಸಮೀಪದವರೆಗೆ ನೀರು ತುಂಬಿ, ಭಾಯ್ ಬೆಂಕಿ ಹೊತ್ತಿಸಿದ. ಹೊತ್ತಿಸುವ ಮುನ್ನ ನನ್ನೆಡೆಗೆ ಬೆರಳು ತೋರಿ, "ಇವತ್ತು ಬಾಯಿ ಬಂದ್," ಎಂದ. ನಂಜಪ್ಪ ಮರದ ಹಿಂದೆ ನಿಂತು ಮನೆದೇವರನ್ನು ಕರೆಯುತ್ತಿದ್ದರು. ಜ್ವಾಲೆ ತಗಡನ್ನು ಮುಟ್ಟಿತು. ಟಣ್! ಭಾಯ್ ಹಿಂದಕ್ಕೆ ಜಿಗಿದ, ನಂಜಪ್ಪ ನೆಲಕ್ಕೆ ಕೂತರು, ಆಮೇಲೆ ಇಬ್ಬರೂ ಒಟ್ಟಿಗೆ ನನ್ನನ್ನು ದುರುಗುಟ್ಟಿ ನೋಡಿದರು.

"ಅಮ್ಮನಾಣೆ ನಾನಲ್ಲ!"

ಬಿಸಿಗೆ ಹಿಗ್ಗಿದ ತಗಡಿನ ಸದ್ದದು. ಬದುಕಿನಲ್ಲಿ ಆಡಿದ ಮೊದಲ ಅಪ್ಪಟ ಸತ್ಯವನ್ನು ಯಾರೂ ನಂಬಲಿಲ್ಲ. ಕೊನೆಯ ತೂತು ಮುಚ್ಚುವವರೆಗೆ ನಾನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು, ಉಸಿರಿಗೂ ಸದ್ದಿದ್ದರೆ ಗತಿಯೇನೆಂದು ಹೆದರುತ್ತ ನಿಂತಿದ್ದೆ.

ಹಬ್ಬದ ಬೆಳಿಗ್ಗೆ ಅಜ್ಜಿ ಹೊಸ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಕೂತರು. ನಂಜಪ್ಪ ಮೊದಲ ಸಲ ಕೀಲಿ ತಿರುಗಿಸಿದಾಗ ಬರೀ ಗೊರಗೊರ. ಎರಡನೆಯ ಸಲವೂ ಅಷ್ಟೇ. ಪಕ್ಕದ ಸೀಟಿನಲ್ಲಿದ್ದ ನನ್ನ ಕಡೆ ದೈನ್ಯದಿಂದ ಕಣ್ಣು ಹಾಯಿಸಿದರು. ನಾನೂ ಗಂಟಲು ಸರಿಮಾಡಿಕೊಂಡೆ. ಇನ್ನೇನು ತುಟಿ ಬಿಚ್ಚಬೇಕು, ಇಂಜಿನ್ ತಾನೇ ಗುಡುಗಿತು. ನಿಂಬೆಹಣ್ಣು ಪಚಕ್ಕೆಂದವು. ಒಳಗೆಲ್ಲ ಪೆಟ್ರೋಲಿನ ವಾಸನೆ ತುಂಬಿತು.

ಅಜ್ಜಿ ಮೂಗರಳಿಸಿ ನಿಧಾನವಾಗಿ ಉಸಿರೆಳೆದುಕೊಂಡು, ಹಿಂದಿನಿಂದ ನನ್ನ ಭುಜ ತಟ್ಟಿದರು. "ಆಹಾ. ಸದ್ದೇನೋ ವರ್ಸಾ ವರ್ಸಾ ಸಂದಾಗೇ ಮಾಡ್ತಿದ್ದೆ ಕಣ್ಲಾ ಮಗ. ಈ ವಾಸ್ನೆ ಮಾತ್ರ ನಿಂಗೆ ಬರ್ತಿರ್ನಿಲ್ಲ."

ನಂಜಪ್ಪನವರ ಕಾಲು ಬ್ರೇಕಿಗೆ ಬಿತ್ತು. "ಅವ್ವಾ, ನಿಂಗೊತ್ತಿತ್ತಾ?"

"ಗೊತ್ತಿತ್ತು ಬುಡು. ತೌರಿಗೆ ಓಗ್ಬೇಕು ಅನ್ನದೇ ಓಗಿದ್ರೆ ನೀನೆಲ್ಲಿ ರಿಪೇರಿ ಮಾಡುಸ್ತಿದ್ದೆ? ನಡಿ, ನಡಿ."

ಈಗಲೂ ಬಂಕಿನಲ್ಲಿ ದೀರ್ಘಶ್ವಾಸ ಎಳೆದುಕೊಳ್ಳುತ್ತೇನೆ. ಗುಟ್ಟಾಗಿಯಲ್ಲ, ಅಜ್ಜಿಯಂತೆ ಮೂಗರಳಿಸಿ, ರಾಜಾರೋಷವಾಗಿ. ನೋಡಿದವರು ನೋಡಲಿ. ನಾನು ಇಷ್ಟು ಕಾಲ ಮಾಡಿದ ಅನುಕರಣೆಗಳಲ್ಲಿ ಸದ್ದೇ ಇಲ್ಲದ್ದು ಇದೊಂದೇ.